ಬುಡವಿಲ್ಲದ ಮರ

'ಮೈನ್‌ಕ್ರಾಫ್ಟ್' ವಿಡಿಯೋ ಗೇಮಿನ ಬಗ್ಗೆ ನಮ್ಮ ದಾಂಡೇಲಿಯ ಮಕ್ಕಳಲ್ಲಿ ಒಮ್ಮತವಿಲ್ಲ. 2011ರಲ್ಲಿ ಪೂರ್ಣರೂಪದಲ್ಲಿ ಬಂದ ಈ ಆಟದಲ್ಲಿ ಮರ ಕಡಿದು, ಕಲ್ಲು ಅಗೆದು, ಹತಾರ ಮಾಡಿಕೊಂಡು, ಕೊನೆಗೆ ಕಪ್ಪು ರೆಕ್ಕೆಯ ಎಂಡರ್ ಡ್ರ್ಯಾಗನ್ನನ್ನು ಕೊಲ್ಲಬಹುದು. ಹುಡುಗರಿಗೆ ಅದೇ ಆಟ. "ಅದರ ಗೊಡವಿ ಯಾಕ್ರೀ ಅಕ್ಕೋರ, ಮನಿ ಕಟ್ಟೂದ ಚೊಲೋ" ಎನ್ನುತ್ತಾರೆ ಹುಡುಗಿಯರು. ನನ್ನ ಓಟೂ ಅವರಿಗೇ. ಮುಂಡಗೋಡದ ಟಿಬೆಟನ್ನರಿಗಂತೂ ಡ್ರ್ಯಾಗನ್ ಗುಡುಗಿನ ದನಿಯ ಶುಭಜೀವಿ, ಕೊಲ್ಲುವುದೇಕೆ?

ನನ್ನ ದೊಡ್ಡ ತಕರಾರು ಮರದ್ದು. ಬರಿಗೈಯಲ್ಲಿ ಗುದ್ದಿದರೆ ಸಾಕು, ಕಾಂಡ ಮುರಿಯುತ್ತದೆ. ನೆಟ್ಟ ಸಸಿ ನಿಮಿಷಗಳಲ್ಲಿ ಮರ. ಹಳಿಯಾಳ, ಜೋಯಿಡಾ ಕಾಡಿನ ಸಾಗವಾನಿ ಬಲಿಯಲು ಎಷ್ಟೋ ದಶಕ ಬೇಕು. ಊರಲ್ಲೇ ನಾಟಾ ಡಿಪೋ ನೋಡಿ ಬೆಳೆದ ಮಕ್ಕಳಿಗೆ ಇದು ತಿಳಿಯದೇ? ಒಬ್ಬಳು ಮಾತ್ರ ಕೇಳಿದಳು: "ಬುಡಾ ಕಡದ್ರೂ ಮ್ಯಾಲಿನ ಮರ ಹ್ಯಾಂಗ ನಿಂತೈತ್ರೀ?"