ತೋಪಿನ ಉದ್ದ, ಬರಹದ ಗುರಿ

ಕೃಷಿಗೆ, ಸಿನಿಮಾಕ್ಕೆ, ಆರೋಗ್ಯಕ್ಕೆ ಕನ್ನಡದಲ್ಲಿ ಬೇರೆ ಬೇರೆ ಪತ್ರಿಕೆಗಳಿವೆ. ಬಂದೂಕಿನ ಪತ್ರಿಕೆ ಎಂಬ ಜಾತಿ ಮಾತ್ರ ಇಲ್ಲಿ ಬೇರೂರಲಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲಾಗದ ದೇಶದಲ್ಲಿ ಅದಕ್ಕೆ ಓದುಗರು ಎಲ್ಲಿಂದ ಬರಬೇಕು? ಹಾಗೆಂದು ಬಂದೂಕಿನ ಬರಹವೇ ನಮ್ಮಲ್ಲಿಲ್ಲ ಎನ್ನಲಾಗದು. ಮಲೆನಾಡಿನ ಶಿಕಾರಿ ಕಥನ, ಪುರವಣಿಗಳ ಕೋಟೆ-ತೋಪಿನ ಲೇಖನ, ದಿನಪತ್ರಿಕೆಯ ಅಪರಾಧ ವರದಿ, ಈ ಮೂರು ಕಡೆ ಅದು ಹಂಚಿಹೋಗಿದೆ. ಮೂರನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಒಂದು ಅನುಮಾನ ಗಟ್ಟಿಯಾಗುತ್ತದೆ: ಆಯುಧ ದೊಡ್ಡದಾದಷ್ಟೂ ನಮ್ಮ ಬರಹ ಸಣ್ಣದಾಗಿದೆ. ಹೊತ್ತಿಗೆ ಸರಿಯಾಗಿ ಕೈಕೊಡುವ ಕೇಪಿನ ಕೋವಿಯ ಬಗ್ಗೆ ಕನ್ನಡ ಸೊಗಸಾಗಿ ಬರೆದಿದೆ. 29 ಅಡಿಯ ತೋಪಿನ ಮುಂದೆ ಬರೀ ಬಾಯಿ ತೆರೆದು ನಿಂತಿದೆ.

ಅಮೆರಿಕದಲ್ಲಿ ಈ ಬರಹಕ್ಕೆ ಪತ್ರಿಕೆಗಳ ದೊಡ್ಡ ಸಾಲೇ ಇದೆ. ‘ಔಟ್‌ಡೋರ್ ಲೈಫ್’ ಪತ್ರಿಕೆಯಲ್ಲಿ ಬಂದೂಕಿನ ಅಂಕಣ ಬರೆಯುತ್ತಿದ್ದ ಜ್ಯಾಕ್ ಓಕಾನರ್ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಕಲಿಸಿದವರು, ಕಾದಂಬರಿ ಬರೆದವರು. ಅಂಥವರ ಕೈಯಲ್ಲಿ ಅಂಕಣ ಸಾಹಿತ್ಯವಾಗುತ್ತಿತ್ತು. ಆದರೆ ಬಂದೂಕು ಕಂಪನಿಗಳ ಜಾಹೀರಾತನ್ನೇ ನಂಬಿ ಬದುಕುವ ಪತ್ರಿಕೆ ಅದೇ ಕಂಪನಿಯ ರೈಫಲ್ಲನ್ನು ಕೆಟ್ಟದೆಂದು ಹೇಗೆ ಬರೆದೀತು? 1958ರಲ್ಲಿ ಶುರುವಾದ ‘ಗನ್ಸ್ ಅಂಡ್ ಆಮೊ’ದಲ್ಲಿ 2013ರಲ್ಲಿ ನಡೆದ ಪ್ರಸಂಗ ಇದಕ್ಕೆ ಸಾಕ್ಷಿ. ಎಲ್ಲ ಹಕ್ಕುಗಳಿಗೂ ಕಟ್ಟುಪಾಡು ಇರುತ್ತದೆ, ಬಂದೂಕಿನ ಹಕ್ಕಿಗೂ ಇದೆ ಎಂದು ಅಲ್ಲಿನ ಹಿರಿಯ ಅಂಕಣಕಾರ ಡಿಕ್ ಮೆಟ್‌ಕಾಫ್ ಬರೆದರು. ಓದುಗರು ಸಿಡಿದೆದ್ದರು, ಸಂಪಾದಕರು ಕ್ಷಮೆ ಕೇಳಿದರು, ಮೆಟ್‌ಕಾಫ್ ಅವರ ಅಂಕಣ ಅಲ್ಲಿಗೆ ನಿಂತಿತು. ಹೊಗಳಿಕೆಯನ್ನೇ ರೂಢಿ ಮಾಡಿಕೊಂಡ ಪತ್ರಿಕೆಗೆ ಒಂದೇ ಒಂದು ಬೇರೆ ಮಾತು ಅರಗಲಿಲ್ಲ.

ನಮ್ಮ ಶಿಕಾರಿ ಕಥನಕ್ಕೆ ಜಾಹೀರಾತಿನ ಈ ಋಣ ಇರಲಿಲ್ಲ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933), ‘ಕಾನೂರು ಹೆಗ್ಗಡಿತಿ’ (1936) ಕೃತಿಗಳಲ್ಲೇ ಕೋವಿ ಮನೆಯ ಸಾಮಾನಿನಷ್ಟು ಸಹಜವಾಗಿ ಬಂದುಹೋಗುತ್ತದೆ. ಕರಾವಳಿಯಲ್ಲಿ ಕೆದಂಬಾಡಿ ಜತ್ತಪ್ಪ ರೈ ‘ಬೇಟೆಯ ನೆನಪುಗಳು’ ಬರೆದರು. ಪೂರ್ಣಚಂದ್ರ ತೇಜಸ್ವಿ ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್ ಇಬ್ಬರನ್ನೂ ಕನ್ನಡಕ್ಕೆ ತಂದರು. ಈ ಆಂಡರ್ಸನ್ ನಮ್ಮ ಹಳೆಯ ನಿಜಾಮ್ ಸೀಮೆಯವರೇ. 1910ರಲ್ಲಿ ಹೈದರಾಬಾದಿನ ಬೊಲಾರಂನಲ್ಲಿ ಹುಟ್ಟಿದವರು. ‘ಬೆಳ್ಳಂದೂರಿನ ನರಭಕ್ಷಕ’, ‘ಪೆದ್ದಚೆರುವಿನ ರಾಕ್ಷಸ’, ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಓದಿದ ಕನ್ನಡಿಗರಿಗೆ ಅವು ಅನುವಾದವೆಂದು ನೆನಪಾಗುವುದೇ ಅಪರೂಪ. ತೇಜಸ್ವಿ ಪದಕ್ಕೆ ಪದ ಇಡಲಿಲ್ಲ. ಕೋವಿ ಹೊತ್ತು ಕಾಡು ಸುತ್ತಿದವರ ಬಾಯಲ್ಲಿ ಆಗಲೇ ಇದ್ದ ಈಡು, ಚರೆ, ತೋಟಾ, ಜೋಡುನಳಿಗೆಯ ಭಾಷೆಗೆ ಅದನ್ನು ಹೊರಳಿಸಿದರು.

ಈ ಪರಂಪರೆಯ ಗೆಲುವು ಇರುವುದು ಸೋಲನ್ನು ಬರೆದದ್ದರಲ್ಲಿ. ಮದ್ದು ಥಂಡಿ ಹಿಡಿದಿರುತ್ತದೆ, ಕೇಪು ಸಿಡಿಯುವುದಿಲ್ಲ, ಮಚಾನಿನ ಮೇಲೆ ಕೂತವನ ಕಾಲು ಜೋಮು ಹಿಡಿಯುತ್ತದೆ, ಇರುವೆ ಕಚ್ಚುತ್ತದೆ, ಗುಂಡು ತಪ್ಪುತ್ತದೆ. ತಪ್ಪಿದ ಗುಂಡಿನಿಂದ ಗಾಯಗೊಂಡ ಪ್ರಾಣಿ ಇನ್ನಷ್ಟು ಅಪಾಯಕಾರಿಯಾಗುತ್ತದೆ. ಬೆಳಗಾದ ಮೇಲೆ ರಕ್ತದ ಜಾಡು ಹಿಡಿದು ನಡೆದೇ ಹೋಗಬೇಕಾಗುತ್ತದೆ. ಕೋವಿ ಏನು ಮಾಡಬಲ್ಲದು ಎನ್ನುವುದಕ್ಕಿಂತ ಎಲ್ಲಿ ಕೈಕೊಡುತ್ತದೆ ಎನ್ನುವುದು ಬಳಸಿದವನಿಗೇ ಗೊತ್ತಿರುವ ವಿಷಯ. ಓದುಗ ನಂಬುವುದೂ ಅದನ್ನೇ.

ದೋಷಗಳೂ ಇವೆ. ಊರಿನಲ್ಲಿ ಗುಲ್ಲು, ಕಟ್ಟಿದ ಎಮ್ಮೆ, ಮಚಾನು, ಕತ್ತಲು, ಒಂದು ಈಡು: ಹತ್ತು ಕತೆ ಓದಿದವರಿಗೆ ಹನ್ನೊಂದನೆಯದರ ಹೆಜ್ಜೆ ಮೊದಲೇ ಗೊತ್ತಾಗುತ್ತದೆ. ಜಾಡು ಹಿಡಿದವನೊಬ್ಬ, ಹೆಸರು ಪಡೆದವನೊಬ್ಬ. ಆಂಡರ್ಸನ್ ಕತೆಗಳ ಜಾಡುಗಾರ ಬೈರನಂಥವರು ತಮ್ಮ ಬಾಯಿಂದ ಆ ಕತೆ ಹೇಳಿದ್ದರೆ ಹೇಗಿರುತ್ತಿತ್ತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯೇ ನಿಂತು, ಕಥನ ಹಳಹಳಿಕೆಗೆ ಜಾರಿತು. ಕೋವಿ ಕೆಳಗಿಟ್ಟು ಕ್ಯಾಮೆರಾ ಹಿಡಿದ ತೇಜಸ್ವಿ ಆ ಹಳಹಳಿಕೆಯಿಂದ ತಪ್ಪಿಸಿಕೊಂಡರು. ‘ಪರಿಸರದ ಕತೆ’ಯಲ್ಲಿ ಶಿಕಾರಿಯ ಕಣ್ಣು ಇದೆ, ಶಿಕಾರಿಯ ಜಂಬ ಇಲ್ಲ.

ಇನ್ನು ನಮ್ಮ ಬೀದರ ಸೀಮೆಗೆ ಬರೋಣ. ಇಲ್ಲಿನ ಕೊಹಿನೂರ ಊರಿನವರಿಗೆ ಬಸವಕಲ್ಯಾಣ, ಬೀದರ, ಕಲಬುರಗಿ ಮೂರೂ ಕೋಟೆಗಳು ಹೋಗಿಬರುವಷ್ಟು ದೂರದವು. ಮೂರರಲ್ಲೂ ತೋಪುಗಳಿವೆ. ಆ ತೋಪುಗಳ ಮೇಲೆ ಬಂದ ಲೇಖನಗಳೋ ಒಂದೇ ಅಚ್ಚಿನವು. ಮೊದಲ ಸಾಲಿನಲ್ಲಿ ‘ಗತವೈಭವ ಸಾರುವ’, ನಡುವೆ ‘ಶತ್ರುಗಳ ಎದೆ ನಡುಗಿಸಿದ’, ಕೊನೆಗೆ ‘ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳಲಿ’. ತೋಪಿನ ಹೆಸರು ಬದಲಿಸಿದರೆ ಲೇಖನವನ್ನು ಯಾವ ಕೋಟೆಗೂ ಹೊಂದಿಸಬಹುದು. ಇಲ್ಲಿ ಜಾಹೀರಾತು ಕೊಡುವ ಕಂಪನಿ ಇಲ್ಲ. ಆ ಜಾಗದಲ್ಲಿ ಊರಿನ ಅಭಿಮಾನ ಕೂತಿದೆ. ಅಮೆರಿಕದ ಪತ್ರಿಕೆ ದುಡ್ಡಿಗಾಗಿ ಮಾಡುವ ಹೊಗಳಿಕೆಯನ್ನು ನಾವು ಪುಕ್ಕಟೆ ಮಾಡುತ್ತೇವೆ.

ವಿಜಯಪುರದ ಮಲಿಕ್-ಎ-ಮೈದಾನ್ ನೋಡಿ. 1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ ತೋಪು ಅದು. ತೂಕ ಸುಮಾರು 55 ಟನ್. ತಾಮ್ರ ಹೆಚ್ಚುಕಡಿಮೆ ನಾಲ್ಕು ಪಾಲು, ತವರ ಒಂದು ಪಾಲು. ಗಂಟೆ ಎರೆಯುವ ಕಂಚು. ಲೇಖನಗಳಲ್ಲಿ ಅದು ಪಂಚಲೋಹವಾಗುತ್ತದೆ. ಬತ್ತಿ ಹೊತ್ತಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ತೊಟ್ಟಿಯ ನೀರಿಗೆ ಧುಮುಕುತ್ತಿದ್ದ ಎಂಬ ಕತೆ ತಪ್ಪದೆ ಬರುತ್ತದೆ. ಅಷ್ಟು ಭಾರದ ತೋಪನ್ನು ಬುರುಜಿನ ಮೇಲಕ್ಕೆ ಏರಿಸಿದ್ದು ಹೇಗೆ, ಒಮ್ಮೆ ಹಾರಿಸಿ ಮತ್ತೆ ತುಂಬಲು ಎಷ್ಟು ಹೊತ್ತು ಬೇಕು, ಅಷ್ಟರಲ್ಲಿ ಶತ್ರು ಎಲ್ಲಿಗೆ ಬಂದಿರುತ್ತಾನೆ? ಶಿಕಾರಿ ಬರಹಗಾರನಿಗೆ ಮೊದಲು ಹೊಳೆಯುತ್ತಿದ್ದ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ.

ಕಲಬುರಗಿ ಕೋಟೆಯ ಬಾರಾ ಗಜಿ ತೋಪಿನದೂ ಇದೇ ಪಾಡು. ‘ವಿಶ್ವದಲ್ಲೇ ಅತಿ ಉದ್ದದ ತೋಪು’ ಎಂದು ಬರೆದವರು ಬಹಳ. ಹನ್ನೆರಡು ಗಜ ಎಂದು ಹೆಸರಿದೆ, ಅಳತೆ 29 ಅಡಿ ಎಂದೂ ಅದೇ ಲೇಖನ ಹೇಳುತ್ತದೆ. ಇಂದಿನ ಲೆಕ್ಕದ ಮೂರಡಿ ಗಜವಾದರೆ 36 ಅಡಿ ಆಗಬೇಕಿತ್ತು. 29 ಅಡಿಯೇ ಸರಿಯಾದರೆ ಒಂದು ಗಜಕ್ಕೆ 29 ಇಂಚು ಬಂತು. ಅಂದಿನ ಗಜ ಬೇರೆಯಿತ್ತೇ, ಹೆಸರೇ ಬಾಯಿಮಾತಿನದೇ? ಸ್ವಾರಸ್ಯ ಇರುವುದು ಇಲ್ಲಿ. ಲೇಖಕರು ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದು ಗುಣಿಸಿ ನೋಡದೆ ಮುಂದೆ ಹೋಗುತ್ತಾರೆ.

ಹತ್ತಿರ ಹೋಗಿ ನೋಡುವವರಿಗೆ ತೋಪು ತಾನೇ ಬೇಕಾದಷ್ಟು ಹೇಳುತ್ತದೆ. ಬೀದರ, ಕಲಬುರಗಿಯ ದೊಡ್ಡ ತೋಪುಗಳಲ್ಲಿ ಬಹುಪಾಲು ಎರಕದವಲ್ಲ, ಬಡಿದು ಮಾಡಿದವು. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಸುತ್ತ ಜೋಡಿಸಿ, ಅವುಗಳ ಮೇಲೆ ಕೆಂಪಗೆ ಕಾದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸುತ್ತಾರೆ. ಆರುತ್ತ ಬಳೆ ಕುಗ್ಗಿ ಪಟ್ಟಿಗಳನ್ನು ಬಿಗಿಯುತ್ತದೆ. ಚಕ್ಕಡಿಯ ಗಾಲಿಗೆ ಹಳಿ ಕೂರಿಸುವ ಕಮ್ಮಾರನ ಕೆಲಸವೇ ಇದು. ಮೈ ಸವೆದ ಕಡೆ ಬಳೆಗಳ ಕೂಡುಗೆರೆ ಇಂದಿಗೂ ಕಾಣುತ್ತದೆ. ಅಂದರೆ ತೋಪಿನ ಚರಿತ್ರೆ ಎಂದರೆ ಸುಲ್ತಾನನ ಹೆಸರಿನ ಜೊತೆಗೆ ಕುಲುಮೆಯ ಚರಿತ್ರೆಯೂ ಹೌದು. ನಿಜಾಮ್ ಸರ್ಕಾರದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1947ರ ತಮ್ಮ ಬೀದರ ಗ್ರಂಥದಲ್ಲಿ ತೋಪುಗಳನ್ನು ಅಳೆದು, ಮೇಲಿನ ಬರಹಗಳನ್ನು ಓದಿ ದಾಖಲಿಸಿದರು. ಲೋಹವಿಜ್ಞಾನಿ ಆರ್. ಬಾಲಸುಬ್ರಮಣ್ಯಂ 2008ರಲ್ಲಿ ಭಾರತದ ತೋಪುಗಳ ಮೇಲೆ ದೊಡ್ಡ ಪುಸ್ತಕವನ್ನೇ ತಂದರು. ಎರಡೂ ಇಂಗ್ಲಿಷಿನಲ್ಲಿವೆ. ನಮ್ಮ ಪುರವಣಿಗಳ ತೋಪಿನ ಲೇಖನಗಳಲ್ಲಿ ಆ ಅಳತೆಗಣ್ಣಿನ ಗುರುತು ಕಾಣುವುದು ಅಪರೂಪ.

ಚಿತ್ರಗಳ ಆಯ್ಕೆಯೂ ಹೀಗೇ. ತೋಪಿನ ಮೇಲೆ ಕೂತ ಹುಡುಗರ ಫೋಟೊ ಅಚ್ಚಾಗುತ್ತದೆ. ಬತ್ತಿ ಇಡುವ ಕಿಂಡಿಯದು, ಬಳೆಯ ಕೂಡುಗೆರೆಯದು, ತೋಪು ತಿರುಗುವ ಗೂಟದ್ದು ಅಚ್ಚಾಗುವುದಿಲ್ಲ. ಅಡಿಬರಹದಲ್ಲಿ ‘ತೋಪಿನ ನೋಟ’ ಎಂದಿರುತ್ತದೆ.

ಶಿಕಾರಿ ಗದ್ಯ ಬೀದರದಲ್ಲೇಕೆ ಹುಟ್ಟಲಿಲ್ಲ? ಕಾಡು ಕಡಿಮೆ ಎಂದು ಮಾತ್ರ ಹೇಳಿದರೆ ಸಾಲದು. ನಿಜಾಮರ ಕಾಲದಲ್ಲಿ ಆಡಳಿತವೂ ಓದೂ ಉರ್ದುವಿನಲ್ಲಿ. ಕೋವಿ ಹಿಡಿದವರು ಬಹುಪಾಲು ಜಾಗೀರದಾರರು, ಅಧಿಕಾರಿಗಳು. ಕನ್ನಡ ಬರೆದವರ ಕೈಯಲ್ಲಿ ಕೋವಿ ಇರಲಿಲ್ಲ. 1948ರ ಹೊತ್ತಿಗೆ ನಿಜಾಮರ ಪರವಾದ ರಜಾಕಾರ ಪಡೆಯ ಹಾವಳಿ. ಆ ವರ್ಷದ ಮೇ ತಿಂಗಳಲ್ಲಿ ಗೋರ್ಟಾ ಊರಿನಲ್ಲಿ ನಡೆದ ಹತ್ಯಾಕಾಂಡವನ್ನು ಈ ಭಾಗದ ಮನೆಗಳು ಮರೆತಿಲ್ಲ. ಮಲೆನಾಡು ಕೋವಿಯನ್ನು ಹಿಡಿಯ ಕಡೆಯಿಂದ ಕಂಡಿತು, ನಾವು ನಳಿಗೆಯ ಬಾಯಿಯ ಕಡೆಯಿಂದ. ಹಿಡಿಯ ಕಡೆಯವರು ಬರೆದರು, ಓದಿದೆವು. ಬಾಯಿಯ ಕಡೆಯವರದು ಹೆಚ್ಚಾಗಿ ಹಿರಿಯರ ಮಾತಿನಲ್ಲೇ ಉಳಿಯಿತು. ಬಂದೂಕಿನ ಕನ್ನಡ ಬರಹದ ದೊಡ್ಡ ಕೊರತೆ ಇದೇ.

ಅಪರಾಧ ವರದಿ ಇರುವುದೂ ನಳಿಗೆಯ ಬಾಯಿಯ ಕಡೆಗೇ. ಅಲ್ಲಿ ಪಿಸ್ತೂಲು, ರಿವಾಲ್ವರ್, ಬಂದೂಕು ಮೂರೂ ಒಂದೇ ಸುದ್ದಿಯಲ್ಲಿ ಒಂದರ ಬದಲು ಒಂದು ಬರುತ್ತವೆ. ಸೆಮಿ-ಆಟೊಮ್ಯಾಟಿಕ್ ಪಿಸ್ತೂಲು ಹಾರಿದ ಕೂಡಲೇ ಖಾಲಿ ತೋಟಾ ಹೊರಗೆ ಚಿಮ್ಮಿ ನೆಲಕ್ಕೆ ಬೀಳುತ್ತದೆ. ರಿವಾಲ್ವರಿನಲ್ಲಿ ಅದು ಒಳಗೇ ಉಳಿಯುತ್ತದೆ. ರಿವಾಲ್ವರಿನಿಂದ ಗುಂಡು ಹಾರಿಸಿ ಓಡಿಹೋದ, ಸ್ಥಳದಲ್ಲಿ ಖಾಲಿ ತೋಟಾಗಳು ಸಿಕ್ಕವು ಎಂದು ಬರೆದರೆ ಎರಡರಲ್ಲೊಂದನ್ನು ಅನುಮಾನಿಸಲೇಬೇಕು. ಇದು ತಾಂತ್ರಿಕ ಕೊಸರಾಟವಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆಯಾಯಿತು. ಎರಡಕ್ಕೂ ಬಳಸಿದ್ದು ಒಂದೇ 7.65 ಎಂ.ಎಂ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಬಿದ್ದ ತೋಟಾಗಳ ಮೇಲೆ ಪಿಸ್ತೂಲು ಬಿಟ್ಟ ಗುರುತುಗಳನ್ನು ಹೋಲಿಸಿ ಬರುವ ತೀರ್ಮಾನ ಅದು. ಆ ದಿನಗಳಲ್ಲಿ ಈ ಗುರುತು ಹೇಗೆ ಮೂಡುತ್ತದೆಂದು ಬಿಡಿಸಿ ಹೇಳಿದ ವರದಿ ಪುಟಗಟ್ಟಲೆ ಆಕ್ರೋಶಕ್ಕಿಂತ ಹೆಚ್ಚು ಕೆಲಸ ಮಾಡಿತು. ವಚನಗಳ ಮೇಲೆ ಜೀವಮಾನವಿಡೀ ದುಡಿದ ವಿದ್ವಾಂಸರ ಕೊಲೆ ಬಸವಕಲ್ಯಾಣದ ಓದುಗರಿಗೆ ದೂರದ ಸುದ್ದಿಯಲ್ಲ. ಆ ಸುದ್ದಿಯಲ್ಲಿ ಪಿಸ್ತೂಲಿನ ಹೆಸರು ತಪ್ಪಿದರೆ ಸಾಕ್ಷ್ಯವೇ ತಪ್ಪಿದಂತೆ.

ಹೀಗಾಗಿ ಒಳ್ಳೆಯ ಬಂದೂಕು ಬರಹಕ್ಕೆ ಮೂರು ಪ್ರಶ್ನೆ ಸಾಕು: ಇದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಕೊಡುತ್ತದೆ, ತಗುಲಿದ್ದು ಯಾರಿಗೆ. ಶಿಕಾರಿ ಕಥನ ಮೊದಲ ಎರಡಕ್ಕೆ ಉತ್ತರ ಕೊಟ್ಟು ಮೂರನೆಯದರಲ್ಲಿ ಪ್ರಾಣಿಯನ್ನಷ್ಟೇ ಕಂಡಿತು. ಅಪರಾಧ ವರದಿ ಮೂರನೆಯದರಿಂದ ಶುರುವಾಗಿ ಮೊದಲ ಎರಡನ್ನು ಮರೆಯುತ್ತದೆ. ತೋಪಿನ ಲೇಖನ ಮೂರನ್ನೂ ಬಿಟ್ಟು ಉದ್ದ ಅಳೆಯುತ್ತದೆ. ಬೀದರದ ಲೇಖಕರು ಕುಲುಮೆಯ ಕೆಲಸ ಬಲ್ಲವರನ್ನು ಕೋಟೆಗೆ ಕರೆದೊಯ್ದು ತೋಪು ತೋರಿಸಲಿ, 1948 ಕಂಡ ಹಿರಿಯರು ಇರುವಾಗಲೇ ಅವರ ಮಾತು ಬರೆದುಕೊಳ್ಳಲಿ. ವಿಶ್ವದಾಖಲೆಯ ಪಟ್ಟಿಯಲ್ಲಿ ನಮ್ಮ ತೋಪು ಎಷ್ಟನೆಯದೆಂಬ ಲೆಕ್ಕ ಆಮೇಲೆ ನೋಡಿಕೊಂಡರಾಯಿತು.