ಏಳೂ ಮುಕ್ಕಾಲಿನ ರೈಲು

ಊರು ಬಿಟ್ಟು ಹೋದವರು ಊರಿನ ಬಗ್ಗೆ ಬರೆದದ್ದನ್ನು ಓದುವಾಗ ನನಗೊಂದು ಅನುಮಾನ ಇದ್ದೇ ಇರುತ್ತೆ. ಅಲ್ಲೇ ಉಳಿದವರ ಕಥೆ ಹೇಳೋಕೆ ಇವರಿಗೇನು ಹಕ್ಕು? ಶೆರ್ವುಡ್ ಆಂಡರ್ಸನ್‌ನ 'ವೈನ್ಸ್‌ಬರ್ಗ್, ಒಹಾಯೊ' ಕೈಗೆತ್ತಿಕೊಂಡಾಗಲೂ ಅದೇ ಅನುಮಾನ.

1919ರಲ್ಲಿ ಬಂದ ಪುಸ್ತಕ. ಊರು ಕಾಲ್ಪನಿಕ. ಆದರೆ ಆಂಡರ್ಸನ್ ಬೆಳೆದ ಕ್ಲೈಡ್ ಎಂಬ ಪುಟ್ಟ ರೈಲ್ವೆ ಊರೇ ಅದಕ್ಕೆ ಮಾದರಿ. ಬರೆದದ್ದು ಮಾತ್ರ ಷಿಕಾಗೋದ ಬಾಡಿಗೆ ಕೋಣೆಯಲ್ಲಿ ಕೂತು. ಬಿಡಿಬಿಡಿ ಕಥೆಗಳು, ಅವನ್ನು ಒಂದಾಗಿ ಹೊಲಿಯುವವನು ಜಾರ್ಜ್ ವಿಲಾರ್ಡ್, ಊರ ಪತ್ರಿಕೆಯ ಹುಡುಗ ವರದಿಗಾರ.

ಇದು ಒಂಟಿತನದ ಪುಸ್ತಕ ಅಂತ ಎಲ್ಲರೂ ಹೇಳ್ತಾರೆ. ಸುಳ್ಳಲ್ಲ. ಆದರೆ ನನ್ನ ಕಣ್ಣು ಮತ್ತೆ ಮತ್ತೆ ಹೋಗಿದ್ದು ರೈಲ್ವೆ ಸ್ಟೇಷನ್ ಕಡೆಗೆ. ಈ ಊರಿನವರು ಪಕ್ಕದ ಮನೆಯವರ ಹತ್ತಿರ ಬಾಯಿ ಬಿಡಲ್ಲ, ಜಾರ್ಜ್ ಹತ್ತಿರ ಬಿಡ್ತಾರೆ. ಅವನು ಇಲ್ಲೇ ಉಳಿಯುವವನಲ್ಲ ಅನ್ನೋದೇ ಅದಕ್ಕೆ ಕಾರಣ ಅಂತ ನನಗನ್ನಿಸುತ್ತೆ. ಟೆಲಿಗ್ರಾಫ್ ಆಪರೇಟರ್ ವಾಷ್ ವಿಲಿಯಮ್ಸ್‌ನನ್ನೇ ನೋಡಿ. ಊರಿಗೇ ಕೊಳಕ, ಹೆಂಗಸರನ್ನು ಕಂಡರೆ ಉರಿದುಬೀಳುವವನು. ಕೈಗಳನ್ನು ಮಾತ್ರ ಜೋಪಾನ ಮಾಡಿಕೊಂಡಿದ್ದಾನೆ. ಹುಡುಗನಿಗೆ ಬುದ್ಧಿ ಹೇಳುವ ನೆಪದಲ್ಲಿ, ಹಳಿ ಪಕ್ಕ ಪೇರಿಸಿಟ್ಟ ಸ್ಲೀಪರ್‌ಗಳ ಮೇಲೆ ಕೂತು, ಕತ್ತಲಲ್ಲಿ ತನ್ನ ಮದುವೆ ಮುರಿದ ಕಥೆ ಹೇಳುತ್ತಾನೆ. ಬೇರೆಯವರ ಮಾತನ್ನೇ ತಂತಿಯಲ್ಲಿ ಕಳಿಸುತ್ತಾ ಬಂದವನ ಸ್ವಂತ ಮಾತಿಗೆ ಸಿಕ್ಕಿದ್ದು ಈ ಹುಡುಗನ ಕಿವಿ.

ಅದೇ ಸ್ಟೇಷನ್‌ನಿಂದ ಎಲ್ಮರ್ ಕೌಲಿಯೂ ಊರು ಬಿಡುತ್ತಾನೆ. ಅಂಗಡಿಯವನ ಮಗ. ಊರೆಲ್ಲ ತನ್ನನ್ನು ವಿಚಿತ್ರ ಅಂದುಕೊಂಡಿದೆ ಅನ್ನೋ ಸಂಕಟ. ರಾತ್ರಿ ಜಾರ್ಜ್‌ನನ್ನು ಕರೆಸುತ್ತಾನೆ. ಹೇಳೋಕೆ ಹೋದರೆ ಮಾತೇ ಬರಲ್ಲ. ಕೊನೆಗೆ ಅವನಿಗೆ ನಾಲ್ಕು ಬಾರಿಸಿ, ಹೊರಟ ಗೂಡ್ಸ್ ಗಾಡಿಗೆ ಹಾರಿ ಹೋಗಿಬಿಡ್ತಾನೆ.

ನನ್ನ ತಕರಾರು ಇಷ್ಟು. ಇಂಥ ಒಬ್ಬೊಬ್ಬರ ಒಳಗನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಆಂಡರ್ಸನ್‌ಗೆ, ಇವರೆಲ್ಲ ಕೂಡಿ ಊರು ಹೇಗೆ ನಡೆಸ್ತಾರೆ ಅನ್ನೋದರಲ್ಲಿ ಆಸಕ್ತಿ ಕಡಿಮೆ. ಹೊಲ, ಅಂಗಡಿ, ದುಡಿಮೆ ಎಲ್ಲ ಹಿನ್ನೆಲೆಗೆ ಸರಿದುಬಿಡುತ್ತೆ. ಓದುತ್ತಾ ಓದುತ್ತಾ, ಇವರು ಒಬ್ಬರಿಗೊಬ್ಬರು ಏನೂ ಆಗಲ್ವಾ ಅನ್ನಿಸುತ್ತೆ.

ಕೊನೆಯ ಕಥೆ ಇದನ್ನು ಸ್ವಲ್ಪ ಸರಿಮಾಡುತ್ತೆ. ಏಪ್ರಿಲ್‌ನ ಒಂದು ಬೆಳಗ್ಗೆ 7.45ರ ರೈಲಿಗೆ ಜಾರ್ಜ್ ಹೊರಟಾಗ ಹನ್ನೆರಡಕ್ಕೂ ಹೆಚ್ಚು ಜನ ಪ್ಲಾಟ್‌ಫಾರಂನಲ್ಲಿ ಕೈಕುಲುಕುತ್ತಾರೆ. ಅವರಲ್ಲೊಬ್ಬಳು ಅಂಚೆ ಕಚೇರಿಯ ಗರ್ಟ್ರೂಡ್ ವಿಲ್ಮಟ್. ಐವತ್ತು ವರ್ಷದವಳು, ಅಲ್ಲಿಯವರೆಗೆ ಅವನ ಕಡೆ ಗಮನವನ್ನೇ ಕೊಟ್ಟವಳಲ್ಲ. ಕೈಕುಲುಕಿ, ಒಳ್ಳೆಯದಾಗಲಿ ಅಂದು ಹೊರಟುಬಿಡ್ತಾಳೆ. ಇಡೀ ಪುಸ್ತಕದಲ್ಲಿ ನನ್ನ ಮನಸ್ಸಿನಲ್ಲಿ ಉಳಿದವಳು ಅವಳು.

ರೈಲಿನಲ್ಲಿ ಕೂತ ಜಾರ್ಜ್ ತಾಯಿಯ ಸಾವಿನಂಥ ದೊಡ್ಡ ಸಂಗತಿ ಯೋಚಿಸಲ್ಲ. ಬೆಳಗ್ಗೆ ಹಲಗೆ ಸಾಗಿಸುವವನು, ಸಂಜೆ ಪಂಜು ಹಿಡಿದು ಬೀದಿ ದೀಪ ಹಚ್ಚೋಕೆ ಓಡುವವನು, ಇಂಥವರೇ ನೆನಪಾಗ್ತಾರೆ. ತಲೆ ಎತ್ತಿ ಕಿಟಕಿಯಾಚೆ ನೋಡುವಷ್ಟರಲ್ಲಿ ಊರು ಕಾಣೆ. ಕಂಡಕ್ಟರ್‌ಗೆ ಇದೆಲ್ಲ ಮಾಮೂಲಿ. ಇಂಥ ಸಾವಿರ ಹುಡುಗರನ್ನು ಕಂಡವನು. ಕೆಲಸ ಹುಡುಕಿ ಊರು ಬಿಟ್ಟ ನಾವೂ ಆ ಸಾವಿರದಲ್ಲೇ ಸೇರಿದವರು.

ಹಕ್ಕಿನ ಪ್ರಶ್ನೆ ನನಗಿನ್ನೂ ಪೂರ್ತಿ ಬಗೆಹರಿದಿಲ್ಲ. ಆದರೂ, ಸ್ಲೀಪರ್‌ಗಳ ಮೇಲೆ ಕೂತವನ ಕಥೆ ಅವನಾಗಿ ಕೊಟ್ಟದ್ದು. ಕೇಳಿಸಿಕೊಂಡವನು ಸುಮ್ಮನಿದ್ದಿದ್ದರೆ ಅದು ಹಳಿ ಪಕ್ಕದಲ್ಲೇ ಉಳಿದುಹೋಗ್ತಿತ್ತು.