‘ಇಸು’ ಪ್ರತ್ಯಯದ ಚರಿತ್ರೆ

ದ್ವಿತೀಯ ಪಿಯುಸಿ ಇತಿಹಾಸದಲ್ಲಿ ಹತ್ತು ಅಂಕಕ್ಕೆ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ: ಸರ್ ಎಂ. ವಿಶ್ವೇಶ್ವರಯ್ಯನವರು ಆಧುನಿಕ ಮೈಸೂರಿನ ನಿರ್ಮಾಪಕರು, ಚರ್ಚಿಸಿ. ಚರ್ಚಿಸಿ ಅಂತ ಇರುತ್ತದೆ, ಚರ್ಚೆ ಮಾಡಿದರೆ ಅಂಕ ಹೋಗುತ್ತದೆ. ಹೀಗೆಂದು ಮಕ್ಕಳಿಗೆ ಹೇಳಿಕೊಡುವವನು ನಾನೇ. ‘ಪಾಯಿಂಟ್ ಹಾಕ್ರಪ್ಪ, ಅಡಿಗೆರೆ ಎಳೀರಿ.’

ಸೈನ್ಸು ಸಿಕ್ಕದವರು, ಫೀಸು ಕಟ್ಟಲಾಗದವರು ಬಂದು ಕೂರುವ ಕೋಣೆ ನಮ್ಮದು. ನನ್ನ ತರಗತಿಯಲ್ಲಿ ಕೇರಿಯಿಂದ, ಹಾಸ್ಟೆಲಿನಿಂದ ಬಂದವರೇ ಹೆಚ್ಚು. ಚರಿತ್ರೆ ಯಾರನ್ನು ಹೊರಗಿಟ್ಟಿತೋ ಅವರ ಮಕ್ಕಳೇ ಅದನ್ನು ಬಾಯಿಪಾಠ ಮಾಡುತ್ತಿದ್ದಾರೆ. ಕಾದಂಬರಿ, ಆತ್ಮಕಥನಗಳನ್ನು ಓದಿದ ನಿಷ್ಠೆಯಿಂದ ದಲಿತ ವಿಮರ್ಶೆ ಈ ಪಿಯುಸಿ ನೋಟ್ಸನ್ನು ಓದಿಲ್ಲ. ಓದಬೇಕು. ಏಕೆಂದರೆ ನಮ್ಮ ಬಹಳ ಮಕ್ಕಳ ಪಾಲಿಗೆ ಅವರು ಕೊನೆಯದಾಗಿ ಓದುವ ಚರಿತ್ರೆ ಇದೇ.

ನೋಟ್ಸನ್ನು ಒಂದು ಕೃತಿ ಎಂದುಕೊಂಡು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಕ್ರಿಯಾಪದ. ಕಟ್ಟಿಸಿದನು, ತೋಡಿಸಿದನು, ಕೆತ್ತಿಸಿದನು, ಹಾಕಿಸಿದರು. ‘ಇಸು’ ಪ್ರತ್ಯಯ ಹತ್ತಿದ ಕೂಡಲೇ ಅಲ್ಲಿ ಇಬ್ಬರು ಇರಲೇಬೇಕು: ಮಾಡಿಸಿದವನೊಬ್ಬ, ಮಾಡಿದವನೊಬ್ಬ. ಕೆರೆ ಕಟ್ಟಿಸಿದ ಅಂದರೆ ನಮ್ಮ ಊರಲ್ಲಿ ಯಾರಾದರೂ ‘ಯಾರ ಕೈಲಿ?’ ಅಂತ ಕೇಳಿಯೇ ಕೇಳುತ್ತಾರೆ. ಚರಿತ್ರೆಯ ವಾಕ್ಯದಲ್ಲಿ ಆ ಉತ್ತರಕ್ಕೆ ಜಾಗವಿದೆ, ಆದರೆ ಜಾಗ ಖಾಲಿ. ಇದು ಶಾಸನಗಳ ಕಾಲದಿಂದ ಬಂದ ವಾಕ್ಯ. ನಾವು ಅದನ್ನು ಹತ್ತು ಅಂಕಕ್ಕೆ ಇಳಿಸಿದ್ದೇವೆ, ಅಷ್ಟೆ.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಜಲವಿದ್ಯುತ್ ಯೋಜನೆ 1902ರಲ್ಲಿ ಕೋಲಾರ ಚಿನ್ನದ ಗಣಿಗೆ ಕರೆಂಟು ಹರಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇಷ್ಟನ್ನು ಬರೆಸುತ್ತೇವೆ. ಆ ತಂತಿಯ ಇನ್ನೊಂದು ತುದಿಯಲ್ಲಿ ಇದ್ದವರು ಬಹುಪಾಲು ಉತ್ತರ ಆರ್ಕಾಟಿನ ಕಡೆಯಿಂದ ಬಂದ ಅಸ್ಪೃಶ್ಯ ಕೂಲಿಗಳು. ಜಾನ್ ಟೇಲರ್ ಕಂಪನಿಯ ಗಣಿಗೆ ಇಳಿದವರು, ಬಂಡೆ ಸಿಡಿದು ಸತ್ತವರು, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡವರು. 1930ರಲ್ಲಿ ಬೆರಳಚ್ಚು ಒತ್ತಿ ಹೆಸರು ನೋಂದಾಯಿಸಬೇಕೆಂಬ ನಿಯಮದ ವಿರುದ್ಧ ಸಾವಿರಾರು ಜನ ಮುಷ್ಕರ ಹೂಡಿದರು. 1946ರ ಮುಷ್ಕರದಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಸತ್ತರು. ಅಯೋತಿದಾಸರ ಬೌದ್ಧ ಚಳವಳಿ ಇದೇ ಗಣಿಯ ಮಾರಿಕುಪ್ಪಂನಲ್ಲಿ ಶಾಖೆ ತೆರೆದದ್ದು 20ನೇ ಶತಮಾನದ ಆರಂಭದಲ್ಲಿ, ಅಂದರೆ 1956ರ ನಾಗಪುರಕ್ಕಿಂತ ದಶಕಗಳ ಹಿಂದೆ. ಇದ್ಯಾವುದನ್ನೂ ನಾನು ಬರೆಸಿಲ್ಲ.

ನಾನು ಮಾತ್ರವಲ್ಲ. ಕೋಲಾರದ ನೆಲದಿಂದ ಎದ್ದ ಹೋರಾಟದ ಹಾಡುಗಳನ್ನು ನಾವೆಲ್ಲ ಹಾಡಿದ್ದೇವೆ. ಅದೇ ಜಿಲ್ಲೆಯ ಗಣಿಯ ದಲಿತರು ಕನ್ನಡ ದಲಿತ ವಿಮರ್ಶೆಗೆ ‘ತಮಿಳಿನವರು’ ಆಗಿಯೇ ಉಳಿದರು. ಹೊರಗಿಡುವ ಕಲೆ ನಮಗೂ ಬರುತ್ತದೆ.

ಹೋದ ವರ್ಷ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗಿ ಶಿವನಸಮುದ್ರದ ಪಾಯಿಂಟಿನ ಕೆಳಗೆ ತನ್ನ ತಾತನ ಬಗ್ಗೆ ಆರು ಸಾಲು ಬರೆದಿದ್ದಳು. ಗಣಿಯ ಕೆಲಸ, ಕೆಮ್ಮು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಅಪ್ಪ ದಿನಾ ಬೆಂಗಳೂರಿನ ರೈಲು ಹಿಡಿದದ್ದು. ನಾನು ಕೆಂಪು ಮಸಿಯಲ್ಲಿ ‘ಅಪ್ರಸ್ತುತ’ ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಅವಳು ಜಗಳ ಆಡಲಿಲ್ಲ. ‘ಸಾರ್, ಗಣಿ ಹೆಸರು ನೀವೇ ಬರೆಸಿದ್ರಲ್ಲ. ನಮ್ಮ ತಾತ ಅದೇ ಗಣೀಲಿ ಇದ್ದಿದ್ದು’ ಅಂದಳು.

ಇದಕ್ಕೆ ನಮ್ಮ ಕೆಲವು ಗೆಳೆಯರು ಕಂಡುಕೊಂಡ ಉತ್ತರ, ನಾವೂ ಅರಸರಾಗಿದ್ದೆವು ಎಂಬುದು. ಅದರ ಹಿಂದಿನ ಅವಮಾನ ನನಗೆ ಗೊತ್ತು. ಆದರೆ ಅರಸನ ಜಾತಿ ಬದಲಾದರೂ ಅವನೂ ಕಟ್ಟಿಸಿದವನೇ. ಯಾರ ಕೈಲಿ ಅನ್ನುವ ಜಾಗ ಮತ್ತೆ ಖಾಲಿ.

ಮೊದಲಿನ ಪ್ರಶ್ನೆಗೇ ಬರೋಣ. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ನಾಲ್ವಡಿಯವರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ. ಜಾತಿ ಆಧಾರದ ನೇಮಕಕ್ಕೆ ವಿರೋಧವಿದ್ದ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದೂ ಅದೇ ವರ್ಷ. ನಮ್ಮ ನೋಟ್ಸಿನಲ್ಲಿ ಸಮಿತಿ ಮಹಾರಾಜರ ಸಾಧನೆಗಳ ಪಟ್ಟಿಯಲ್ಲಿದೆ, ನಿರ್ಗಮನ ದಿವಾನರ ಪಟ್ಟಿಯ ಕೊನೆಯಲ್ಲಿದೆ. ಎರಡೂ ಬೇರೆ ಬೇರೆ ಪುಟ. ಒಂದೇ ಪುಟದಲ್ಲಿ ಇಟ್ಟರೆ ‘ಚರ್ಚಿಸಿ’ ಎಂಬ ಪದಕ್ಕೆ ಕೆಲಸ ಸಿಗುತ್ತದೆ.

ಈ ವರ್ಷ ಪಾಯಿಂಟುಗಳನ್ನು ಬರೆಸುತ್ತಲೇ ಇದ್ದೇನೆ, ಮಕ್ಕಳು ಪಾಸಾಗಬೇಕಲ್ಲ. ಪ್ರತಿ ಪಾಯಿಂಟಿನ ಎದುರು ಪೆನ್ಸಿಲಿನಲ್ಲಿ ‘ಯಾರ ಕೈಲಿ?’ ಅಂತ ಬರೆದುಕೊಂಡು ಮನೆಯಲ್ಲಿ ಕೇಳಿಕೊಂಡು ಬನ್ನಿ ಎಂದಿದ್ದೇನೆ. ‘ಪರೀಕ್ಷೇಲಿ ಇದನ್ನ ಬರೆದರೆ ಅಂಕ ಕೊಡ್ತಾರಾ ಸಾರ್?’ ಅಂತ ಕೇಳುತ್ತಾರೆ. ಮೌಲ್ಯಮಾಪನಕ್ಕೆ ಹೋಗುವ ಉಪನ್ಯಾಸಕ ಗೆಳೆಯರು ಏನು ಮಾಡುತ್ತಾರೆಂದು ಇದೇ ಪತ್ರಿಕೆಗೆ ಬರೆಯಲಿ.